ಯಾರು ಹಾಕಿದ ಪೈಪು

ದಾಂಡೇಲಿಯಲ್ಲಿ ಹಳೆಯ ಮೋಟರ್‌ಸೈಕಲ್ ಇಟ್ಟುಕೊಂಡವರಿಗೆಲ್ಲ ಗೊತ್ತಿದ್ದ ಸಂಗತಿ ಇದು: ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಮಿಸ್ತ್ರಿಯ ಕಡೆ ಪೆಟ್ರೋಲ್ ಪೈಪ್ ಬದಲಿಸಲು ಹೋಗುವವನು ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಬೇರೆ ಕೆಲಸಕ್ಕೆ ಹೋದರೆ ಅವರು ನಿಮ್ಮ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಚೈನಿರಲಿ, ಕ್ಲಚ್ಚಿರಲಿ, ಗಾಡಿ ಬಿಟ್ಟು ಹೋಗಿ ಸಂಜೆ ಬರಬೇಕು, ಅಷ್ಟೇ. ಪೈಪ್ ಎಂದರೆ ಮಾತ್ರ ನಿಮ್ಮನ್ನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿಸಿಕೊಳ್ಳುತ್ತಿದ್ದರು. ಹೊಸ ಪೈಪನ್ನು ನಿಮ್ಮ ಕೈಗೆ ಕೊಟ್ಟು ಉಗುರಿನಿಂದ ಒತ್ತಿಸುತ್ತಿದ್ದರು, ಮೂಸಿಸುತ್ತಿದ್ದರು, ಕೊನೆಗೆ ಬ್ಲೇಡು ಕೊಟ್ಟು ನೀವೇ ಕತ್ತರಿಸುವಂತೆ ಮಾಡುತ್ತಿದ್ದರು. ಆಮೇಲೆ ಪೆಟ್ರೋಲ್ ಟಾಕಿಯ ಕೆಳಗಿನ ಕಾಕಿನಿಂದ, ಅಂದರೆ ನಲ್ಲಿಯಿಂದ, ಕಾರ್ಬೊರೇಟರಿನವರೆಗೆ ಅದನ್ನು ತಾವೇ ಕೂರಿಸಿ, ಎರಡು ಕಡೆ ಕ್ಲಿಪ್ ಬಿಗಿದು, ಎದ್ದು ನಿಂತು ಕೇಳುತ್ತಿದ್ದರು.

"ಈ ಪೈಪ ಯಾರು ಹಾಕಿದ್ದು?"

ನೀವು ಎಂದು ಗಿರಾಕಿ ಗೊಣಗಿದರೆ ಸಾಲದು. "ಜೋರಾಗಿ ಹೇಳ್ರಿ. ನಾಕು ಮಂದಿಗೆ ಕೇಳಬೇಕು" ಎನ್ನುತ್ತಿದ್ದರು. ಮಿಸ್ತ್ರಿ ಹಾಕಿದ್ದು ಎಂದು ಕೂಗಿ ಹೇಳುವ ತನಕ ಚಾವಿ ಕೈಗೆ ಬರುತ್ತಿರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕುಳಿತವರಿಗೆ ಅದೊಂದು ಪುಕ್ಕಟೆ ನಾಟಕ. ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬಂದವರು, ಆಟೊದವರು, ನಾಟಾ ಡಿಪೋದಲ್ಲಿ ಮರದ ದಿಮ್ಮಿ ಹೊರುವ ಹಮಾಲರು ಎಲ್ಲರೂ ಇತ್ತ ಕಿವಿಗೊಟ್ಟು ಕೂರುತ್ತಿದ್ದರು. ಒಬ್ಬ ಫಾರೆಸ್ಟ್ ಗಾರ್ಡ್ ತನ್ನ ಯೂನಿಫಾರ್ಮಿನ ಗೌರವಕ್ಕೆ ಅಂಜಿ ಮೂರು ಸಲ ಪಿಸುಗುಟ್ಟಿ, ನಾಲ್ಕನೆಯ ಸಲ ಕಾಡಿನಲ್ಲಿ ಆನೆ ಓಡಿಸುವ ದನಿಯಲ್ಲಿ ಕೂಗಿದ್ದನಂತೆ.

ಹೋದ ತಿಂಗಳು ಮಿಸ್ತ್ರಿ ತೀರಿಕೊಂಡರು. ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ. ಅಂಗಡಿಯ ಮುಂದೆ ಅವರ ಫೋಟೊ ಇರುವ ಬ್ಯಾನರ್ ಕಟ್ಟಿದರು. ಫೋಟೊದಲ್ಲಿ ಅವರು ಕೂದಲು ಬಾಚಿಕೊಂಡಿದ್ದರು, ಹಾಗಾಗಿ ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಓಣಿಯವರು ಪ್ಲಾಸ್ಟಿಕ್ ಕುರ್ಚಿ ಹಾಕಿ ಸಣ್ಣದೊಂದು ಸಭೆ ಮಾಡಿದರು. ಮಾತಾಡಿದವರೆಲ್ಲ ಪೈಪಿನ ಕಥೆಯನ್ನೇ ಹೇಳಿದರು. ತನ್ನ ಕೆಲಸವನ್ನು ನಾಲ್ಕು ಮಂದಿಯ ಎದುರು ತನ್ನದೆಂದು ಒಪ್ಪಿಕೊಳ್ಳುವ ಕೆಲಸಗಾರ ಈಗ ಎಲ್ಲಿದ್ದಾನೆ ಎಂದು ಒಬ್ಬರು ಕೇಳಿದರು. ನನಗೆ ಹಳೆಯ ಪರಿಚಯವೆಂದು ನನ್ನನ್ನೂ ಎಬ್ಬಿಸಿ ನಿಲ್ಲಿಸಿದರು. ನಾನು ಪ್ರಾಮಾಣಿಕತೆಯ ಬಗ್ಗೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಚಪ್ಪಾಳೆ ತಟ್ಟಬಾರದ ಸಭೆ ಅದು, ಆದರೂ ಇಬ್ಬರು ತಟ್ಟಿದರು.

ಆ ಪದ್ಧತಿ ಹುಟ್ಟಿದ್ದು ನನ್ನಿಂದ. ಅದು ಅವರ ಹುಚ್ಚೂ ಅಲ್ಲ, ದೊಡ್ಡಸ್ತಿಕೆಯೂ ಅಲ್ಲ. ನಾನು ಹೇಳಿದ ಒಂದು ಸುಳ್ಳಿಗೆ ಅವರು ಕಂಡುಕೊಂಡ ಔಷಧ. ಅದನ್ನು ಬಲ್ಲವರು ಇಬ್ಬರೇ ಇದ್ದೆವು, ಆ ಸಭೆಯ ಹೊತ್ತಿಗೆ ನಾನೊಬ್ಬನೇ ಉಳಿದಿದ್ದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಕೆಡಿಸಿದ ಹೆಸರನ್ನು ಅದೇ ಕೈಯಿಂದ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಮಿಸ್ತ್ರಿ ಮೂಲತಃ ಮುಂಡಗೋಡ ಕಡೆಯ ಒಂದು ಸಣ್ಣ ಹಳ್ಳಿಯವರು. ಹಳಿಯಾಳದಲ್ಲಿ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತು, ಆಮೇಲೆ ದಾಂಡೇಲಿಗೆ ಬಂದು ತಗಡಿನ ಶೆಡ್ಡು ಹಾಕಿಕೊಂಡವರು. ಕುಳ್ಳನೆಯ ಆಳು, ಅಗಲ ಅಂಗೈ. ಬೆರಳ ಸಂದಿಯ ಕಪ್ಪು ಎಂದೂ ಹೋಗುತ್ತಿರಲಿಲ್ಲ, ಆದರೆ ಚಹಾ ಕುಡಿಯುವ ಮೊದಲು ಮಾತ್ರ ಮಣ್ಣು ಹಚ್ಚಿ ಕೈ ತೊಳೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ಚೂಪು ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗಿಟ್ಟು, ಒಂದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಎದೆ ನೋಡುವುದನ್ನು ದಿನಾ ನೋಡುವ ನನಗೆ ಅದು ತಮಾಷೆ ಎನಿಸುತ್ತಿತ್ತು. ಜೋಯಿಡಾ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಔಷಧಿ ಕೊಡುವ ಕೆಲಸದಲ್ಲಿದ್ದೇನೆ. ಮನೆ ದಾಂಡೇಲಿಯಲ್ಲಿ. ದಿನಾ ಗಣೇಶಗುಡಿಯ ದಾರಿ ಹಿಡಿದು ಹೋಗಿ ಬರುವುದು ಮಾವ ಕೊಟ್ಟ ಹಳೆಯ ಗಾಡಿಯ ಮೇಲೆ. ಹಳಿಯಾಳದ ನನ್ನ ಮಾವ ಕಬ್ಬು ಬೆಳೆದ ಹಣದಲ್ಲಿ ಪ್ರಾಯದಲ್ಲಿ ಕೊಂಡ ಗಾಡಿ ಅದು. ಮಗಳ ಜೊತೆಗೆ ಅದನ್ನೂ ನನ್ನ ಕೈಗೆ ಒಪ್ಪಿಸಿದ್ದರು.

ಬೈಯುವುದರಲ್ಲಿ ಮಿಸ್ತ್ರಿಯನ್ನು ಮೀರಿಸುವವರಿರಲಿಲ್ಲ. ಗಿರಾಕಿಯ ಅಂತಸ್ತು ನೋಡಿ ಬೈಗುಳ ತೂಗುವ ರೂಢಿಯೂ ಇರಲಿಲ್ಲ. ಪೈಪಿನ ಬಿರುಕಿಗೆ ಸೋಪು ಮೆತ್ತಿಕೊಂಡು ಬಂದ ಒಬ್ಬ ಮೇಷ್ಟ್ರಿಗೆ, ಈ ಗಾಡಿಗೆ ಸ್ನಾನ ಮಾಡಸಾಕ ಬಂದೀರೇನು ಎಂದು ಕೇಳಿದ್ದರು. ನನ್ನನ್ನು ಮಾತ್ರ ಬೈಯುತ್ತಿರಲಿಲ್ಲ, ಚುಡಾಯಿಸುತ್ತಿದ್ದರು. ಈಗಿನ ಪೆಟ್ರೋಲಿನಲ್ಲಿ ಕಬ್ಬಿನ ಸ್ಪಿರಿಟ್ ಕೂಡಿಸುತ್ತಾರೆ, ಅದು ಹಳೆ ಗಾಡಿಯ ರಬ್ಬರನ್ನು ಒಳಗಿನಿಂದ ಮೆತ್ತಗೆ ಮಾಡಿ ತಿನ್ನುತ್ತದೆ ಎಂದು ಮೊದಲು ನನಗೆ ಹೇಳಿದವರು ಅವರೇ. ನಿಮ್ಮ ಮಾವ ಕಬ್ಬು ಬೆಳೀತಾರ, ಅದ ಕಬ್ಬು ಅವರ ಗಾಡೀನ ತಿನ್ನಾಕತ್ತೈತಿ ನೋಡ್ರಿ ಎಂದು ನಕ್ಕಿದ್ದರು.

ಅದಕ್ಕೇ ಅವರು ಯಾವ ಪೈಪನ್ನೂ ನೇರವಾಗಿ ಹಾಕುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಹೊಸ ಸುರುಳಿ ಬಂದರೆ ಅದರಿಂದ ಬೆರಳುದ್ದ ಕತ್ತರಿಸಿ, ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ ಅದರೊಳಗೆ ನಾಲ್ಕು ದಿನ ಮುಳುಗಿಸಿಡುತ್ತಿದ್ದರು. ಐದನೆಯ ದಿನ ತೆಗೆದು, ಒರೆಸಿ, ಮಡಚಿ, ಹೊಸ ತುಂಡಿನ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಉಬ್ಬಿದ್ದರೆ, ಗಡುಸಾಗಿದ್ದರೆ, ಪೆಟ್ರೋಲಿನ ಬಣ್ಣ ಕೆಟ್ಟಿದ್ದರೆ ಇಡೀ ಸುರುಳಿಯನ್ನು ವಾಪಸು ಕಳಿಸುತ್ತಿದ್ದರು. ಪಾರಾದ ಸುರುಳಿಯೂ ಎಲ್ಲ ಗಾಡಿಗೆ ಆಗುತ್ತಿರಲಿಲ್ಲ. ಕಾಕಿನ ಮೂತಿಗೆ ತುಸು ಒತ್ತಿ ಏರಬೇಕು, ಒದ್ದಾಡಿಸಿ ಏರಿಸುವ ಹಾಗಿರಬಾರದು. ನಡುವೆ ಜೋತು ಬಿದ್ದು ಇಂಜಿನ್ನಿಗೆ ತಾಗಬಾರದು, ಇಂಜಿನ್ ಅದುರಿದಾಗ ಎಳೆದುಕೊಳ್ಳಬಾರದು. ಕತ್ತರಿಸಿದ ಬಾಯಲ್ಲಿ ರಬ್ಬರಿನ ನಡುವೆ ನೂಲಿನ ಪದರ ಕಾಣಬೇಕು. ಪೇಟೆಯಲ್ಲಿ ಸಿಗುವ ಪಾರದರ್ಶಕ ಪೈಪನ್ನು ಅವರು ಅಂಗಡಿಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಅದು ಮೀನು ಸಾಕುವ ಗಾಜಿನ ಡಬ್ಬಿಗೆ ಹಾಕುವ ಪೈಪು, ಗಾಡಿ ಏನು ಮೀನೇ ಎನ್ನುತ್ತಿದ್ದರು.

ಒಂಬತ್ತು ವರ್ಷಗಳ ಹಿಂದೆ ನನ್ನ ಗಾಡಿಯ ಪೈಪು ಬಿರುಕು ಬಿಟ್ಟಿತು. ನಿಲ್ಲಿಸಿದಲ್ಲೆಲ್ಲ ನಾಣ್ಯದಗಲ ಒದ್ದೆ. ಮಿಸ್ತ್ರಿಯ ಹತ್ತಿರ ಹೋದರೆ ಹಳೆಯ ಸುರುಳಿ ಮುಗಿದಿತ್ತು, ಹೊಸದರ ತುಂಡು ಆಗಷ್ಟೇ ಬಾಟಲಿಗೆ ಬಿದ್ದಿತ್ತು. ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ನನಗೆ ನಾಲ್ಕು ದಿನ ತಡೆಯುವ ಹಾಗಿರಲಿಲ್ಲ. ಹೆಂಡತಿಯ ಅಣ್ಣನ ಮಗುವಿನ ತೊಟ್ಟಿಲ ಕಾರ್ಯ ನಾಡಿದ್ದೇ ಇತ್ತು, ಹಳಿಯಾಳಕ್ಕೆ ಮಾವನ ಗಾಡಿಯಲ್ಲೇ ಹೋಗಿ ಇಳಿಯಬೇಕೆಂಬ ಆಸೆ ನನ್ನದು. ಹೊಸ ಸುರುಳಿಯಿಂದಲೇ ಹಾಕಿಬಿಡಿ, ಏನೂ ಆಗುವುದಿಲ್ಲ ಎಂದೆ.

ಅವರು ಕೆಲಸ ಬಿಟ್ಟು ನನ್ನ ಕಡೆ ತಿರುಗಿದರು. "ನೀವು ಔಷಧಿ ಕೊಡೂಮುಂದ ತಾರೀಖು ನೋಡ್ತೀರಿಲ್ಲೋ?"

ನೋಡುತ್ತೇನೆ ಎಂದೆ.

"ನಾನೂ ನೋಡ್ತೇನ್ರಿ. ಬಸ್ಸಿನ್ಯಾಗ ಹೋಗಿ ಬರ್ರಿ ಸರ್, ಬಸ್ಸಿಗೇನು ಬ್ಯಾನಿ ಬಂದೈತಿ?"

ನನಗೆ ಸಿಟ್ಟು ಬಂತು. ಒಬ್ಬ ಮಿಸ್ತ್ರಿಯಿಂದ ಬುದ್ಧಿ ಹೇಳಿಸಿಕೊಂಡೆನಲ್ಲ ಎಂಬ ಸಿಟ್ಟು. ಮರುದಿನ ಆರೋಗ್ಯ ಕೇಂದ್ರದ ಉಗ್ರಾಣದಲ್ಲಿ, ತಾರೀಖು ಮೀರಿದ್ದರಿಂದ ಬೇರೆ ಎತ್ತಿಟ್ಟಿದ್ದ ಸಲೈನ್ ಸೆಟ್ಟುಗಳ ಪೆಟ್ಟಿಗೆ ಕಣ್ಣಿಗೆ ಬಿತ್ತು. ಗಾಜಿನಂಥ ತಿಳಿ ನಳಿಕೆ, ಮೆತ್ತಗಿತ್ತು, ನನ್ನ ಗಾಡಿಗೆ ಅಳತೆ ಮಾಡಿಟ್ಟ ಹಾಗಿತ್ತು. ಒಂದನ್ನು ಚೀಲಕ್ಕೆ ಹಾಕಿಕೊಂಡೆ. ಮನೆಯ ಮುಂದೆ ನಾನೇ ಕತ್ತರಿಸಿ, ಬಿಸಿನೀರಿನಲ್ಲಿ ತುದಿ ಅದ್ದಿ ಏರಿಸಿದೆ. ಅದರೊಳಗೆ ಪೆಟ್ರೋಲ್ ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಇನ್ನೊಬ್ಬರಿಗೆ ತಾರೀಖು ಮೀರಿದ ಒಂದು ಮಾತ್ರೆಯನ್ನೂ ಕೊಡದ ನಾನು, ಹೆಂಡತಿಯನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಆ ನಳಿಕೆಯನ್ನು ಹಾಕಿದೆ.

ಮಿಸ್ತ್ರಿ ಕಡೆ ಹಾಕ್ಸಿದ್ರೇನು ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಹೂಂ ಎಂದೆ. ಇಷ್ಟೇ ಸಣ್ಣ ಸುಳ್ಳು, ಅದೂ ಅವಳು ಗಾಬರಿಯಾಗದಿರಲಿ ಎಂದು. ಆಮೇಲಿನದೆಲ್ಲ ಈ ಹೂಂ ಎಂಬುದನ್ನು ಕಾಯಲು ನಾನು ಮಾಡಿದ್ದು.

ತೊಟ್ಟಿಲ ಕಾರ್ಯಕ್ಕೆ ಹೋಗಿ ಬಂದೆವು, ಏನೂ ಆಗಲಿಲ್ಲ. ಇಪ್ಪತ್ತು ದಿನ ಗಾಡಿ ಸೊಗಸಾಗಿ ಓಡಿತು. ನಳಿಕೆ ತುಸು ಹಳದಿಯಾಗಿತ್ತು, ಬೆರಳಿಗೆ ಮೊದಲಿನಷ್ಟು ಮೆತ್ತಗೆ ಇರಲಿಲ್ಲ. ನೋಡಿಯೂ ಬಿಟ್ಟೆ. ಮತ್ತೊಮ್ಮೆ ಹಳಿಯಾಳಕ್ಕೆ ಹೋಗಿ ಮಧ್ಯಾಹ್ನ ಮರಳಿ ಬರುತ್ತಿದ್ದೆವು. ಗೌಳಿಗರ ಎಮ್ಮೆಗಳು ರಸ್ತೆ ದಾಟುತ್ತಿದ್ದವೆಂದು ನಿಲ್ಲಿಸಿದೆ, ಇಂಜಿನ್ ಆರಿಹೋಯಿತು. ಹೆಂಡತಿ ಇಳಿದು ಪಕ್ಕದಲ್ಲೇ ನಿಂತಿದ್ದಳು. ಪೆಟ್ರೋಲ್ ವಾಸನೆ ಬರಾಕತ್ತೈತಿ ಎಂದಳು. ಎಲ್ಲ ಹಳೆ ಗಾಡಿಗೂ ಅದು ಇದ್ದದ್ದೇ ಎಂದು ನಾನು ಕಿಕ್ ಹೊಡೆದೆ. ಗಡುಸಾದ ನಳಿಕೆ ಕೆಳಗಿನ ತುದಿಯಲ್ಲಿ ಕಳಚಿಕೊಂಡು, ಪೆಟ್ರೋಲ್ ಬಿಸಿ ಇಂಜಿನ್ನಿನ ಮೇಲೆಲ್ಲ ಹರಿದಿತ್ತು. ಭಗ್ಗೆಂದಿತು. ನಾನು ಹಾರಿ ಆಚೆ ಬಿದ್ದೆ. ಅವಳ ಸೀರೆಯ ಅಂಚಿಗೆ ಹತ್ತಿಕೊಂಡಿತ್ತು.

ಎಮ್ಮೆ ಕಾಯುವವರು ಓಡಿಬಂದು ಗೋಣಿಚೀಲದಿಂದ ಅವಳ ಕಾಲು ಒತ್ತಿದರು, ಗಾಡಿಗೆ ಮಣ್ಣೆರಚಿದರು. ಬೆಂಕಿ ಬೇಗನೇ ಆರಿತು. ಎಡಗಾಲಿನ ಮೀನಖಂಡದ ಕೆಳಗೆ ಸುಟ್ಟಿತ್ತು. ಮಾಯಲು ಎರಡು ತಿಂಗಳು ಹಿಡಿಯಿತು. ಇಂದಿಗೂ ಅವಳು ನೆರಿಗೆಯನ್ನು ಆ ಕಡೆ ಸ್ವಲ್ಪ ಇಳಿಸಿಯೇ ಉಡುತ್ತಾಳೆ.

ಆಸ್ಪತ್ರೆಗೆ ಅವಳ ಅಣ್ಣ ಬಂದ. ಪೈಪು ಹಾಕಿದವರು ಯಾರು ಎಂದು ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಹೆಂಡತಿ ಮಿಸ್ತ್ರಿಯ ಹೆಸರು ಹೇಳಿದಳು, ನಾನೇ ಅವಳಿಗೆ ಹೇಳಿದ್ದನ್ನು. ಅಲ್ಲ ಎನ್ನಲು ಅದು ಸಮಯ. ಎನ್ನಲಿಲ್ಲ. ಸರಕಾರಿ ಸಾಮಾನು ಕದ್ದದ್ದು ಗೊತ್ತಾಗಿ ನೌಕರಿ ಹೋಗುತ್ತದೆ ಎಂದು ಹೆದರಿದೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಎಸೆಯಲು ಇಟ್ಟಿದ್ದ ಒಂದು ನಳಿಕೆಗೆ ಯಾರ ನೌಕರಿಯೂ ಹೋಗುವುದಿಲ್ಲ. ಹೆಂಡತಿಯ ಕಣ್ಣಲ್ಲಿ, ಅವಳ ಅಣ್ಣನ ಕಣ್ಣಲ್ಲಿ ಸಣ್ಣವನಾಗುತ್ತೇನೆ ಎಂಬುದೇ ನಿಜವಾದ ಹೆದರಿಕೆಯಾಗಿತ್ತು.

ಕಾಕಿಗೆ ಅಂಟಿ ಉಳಿದಿದ್ದ, ಎರಡು ಬೆರಳುದ್ದದ ಕರಿ ಹಿಡಿದ ತುಂಡನ್ನು ಅಣ್ಣ ಕಿತ್ತು ಕಾಗದದಲ್ಲಿ ಕಟ್ಟಿಕೊಂಡ. ಮರುದಿನ ನನ್ನನ್ನೂ ಕರೆದುಕೊಂಡು ಮಿಸ್ತ್ರಿಯ ಅಂಗಡಿಗೆ ಹೋದ. ಹೋದವನೇ ಮಾತಿಗೆ ಮೊದಲು ಪಾನಾ, ಇಕ್ಕಳ ತುಂಬಿದ್ದ ತಗಡಿನ ತಟ್ಟೆಯನ್ನು ಕಾಲಿನಿಂದ ಒದ್ದ. ಅವೆಲ್ಲ ಗಟಾರದವರೆಗೆ ಚೆಲ್ಲಿದವು. ಚಹಾದಂಗಡಿಯಿಂದ ಮಂದಿ ಎದ್ದು ಬಂದರು. ತಂಗಿಯ ಕಾಲು ಸುಟ್ಟಿದ್ದನ್ನು ಅವನು ಕೂಗಿ ಹೇಳಿ, ಕಾಗದ ಬಿಚ್ಚಿ ಆ ತುಂಡನ್ನು ಮಿಸ್ತ್ರಿಯ ಎದೆಗೆ ಎಸೆದ.

ಮಿಸ್ತ್ರಿ ಬಗ್ಗಿ ಅದನ್ನು ಎತ್ತಿಕೊಂಡರು. ಮೂಸಿದರು. ಹೆಬ್ಬೆರಳಿನಿಂದ ಮಸಿ ಉಜ್ಜಿದರು, ಒಳಗಿನ ಹಳದಿ ತಿಳಿ ಕಂಡಿತು. ಬೆಳಕಿಗೆ ಹಿಡಿದರು. ಅದನ್ನು ಎಲ್ಲಿ ಬಳಸುತ್ತಾರೆ, ಯಾರ ಕೈಗೆ ಸಿಗುತ್ತದೆ ಎಂಬುದು ಅವರಿಗೆ ಅಷ್ಟರಲ್ಲಿ ತಿಳಿಯಿತು. ತಿಳಿದದ್ದು ನನಗೂ ಗೊತ್ತಾಯಿತು. ನನ್ನನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಸರ್, ಇದು ನಾ ಹಾಕಿದ ಪೈಪೇನ್ರಿ?"

ನಾನು ಹೌದು ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ಜೋರಾಗಿ ಹೇಳ್ರಿ. ನಾಕು ಮಂದಿಗೆ ಕೇಳ್ಲಿ."

ನಾನು ಜೋರಾಗಿ ಹೌದು ಎಂದೆ.

ಅವರು ಅಲ್ಲ ಎನ್ನಲಿಲ್ಲ. ಯಾಕೆ ಎನ್ನಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಮೇಲಿನ ಕರುಣೆಯಿಂದ ಸುಮ್ಮನಾದರು ಎಂದು ಬರೆದರೆ ಅವರು ದೊಡ್ಡವರಾಗಿ ಕಾಣುತ್ತಾರೆ, ಆದರೆ ಅದರಲ್ಲಿ ನನ್ನ ತಪ್ಪಿಗೂ ಅಷ್ಟಿಷ್ಟು ರಿಯಾಯಿತಿ ಸಿಕ್ಕಿಬಿಡುತ್ತದೆ. ಓದಿದವನು, ಸರಕಾರಿ ನೌಕರ, ನಾಲ್ಕು ಮಂದಿಯೆದುರು ಹೌದು ಎಂದ ಮೇಲೆ ಎಣ್ಣೆಕೈಯವನ ಮಾತನ್ನು ಯಾರು ನಂಬುತ್ತಾರೆ ಎಂದು ಅವರು ಲೆಕ್ಕ ಹಾಕಿರಬೇಕು. ಆ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಅಕ್ಕಾರ ಕಾಲು ಈಗ ಹೆಂಗೈತಿ ಎಂದು ಅಣ್ಣನನ್ನು ಕೇಳಿದರು. ಅವನು ಮಂದಿಯನ್ನು ಸರಿಸಿಕೊಂಡು ಹೊರಟ. ಮಿಸ್ತ್ರಿ ಕೂತು ಚೆಲ್ಲಿದ ಪಾನಾಗಳನ್ನು ಒಂದೊಂದಾಗಿ ಆರಿಸತೊಡಗಿದರು. ನಾನೂ ಬಗ್ಗಿ ಗಟಾರದ ಅಂಚಿನಲ್ಲಿದ್ದ ಒಂದನ್ನು ಎತ್ತಿ ಚಾಚಿದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಬಿಡ್ರಿ ಸರ್, ನಿಮ್ಮ ಕೈ ಎಣ್ಣಿ ಆಗ್ತಾವು" ಎಂದರು.

ಊರು ಸಣ್ಣದು, ಸುದ್ದಿ ಗಣೇಶಗುಡಿಯವರೆಗೂ ಹೋಯಿತು. ಅಲ್ಲಿನ ಹೋಮ್‌ಸ್ಟೇಗಳ ಗಾಡಿಗಳು ಬೇರೆ ಕಡೆ ಹೋದವು. ಗಾರ್ಡುಗಳು ಬರುವುದನ್ನು ಬಿಟ್ಟರು. ಪೈಪು ನೆನೆಸಿಡುವ ಬಾಟಲಿಯನ್ನು ತೋರಿಸಿ, ಇಷ್ಟೆಲ್ಲ ಸೋಗು ಮಾಡಿ ಹೆಂಗಸಿನ ಕಾಲು ಸುಟ್ಟ ನೋಡು ಎಂದು ಜನ ಆಡಿಕೊಂಡರು. ಆ ಮಳೆಗಾಲ ಅವರು ಅಂಗಡಿಗೆ ಬಾಗಿಲು ಹಾಕಿ, ಕೆಲಸ ಕಲಿತ ಹಳಿಯಾಳದ ಲಾರಿ ಗ್ಯಾರೇಜಿಗೇ ಕೂಲಿಗೆ ಹೋದರು. ಅಷ್ಟು ದಿನ ನಾಟಾ ಡಿಪೋ ಸುತ್ತಿ ಮನೆಗೆ ಹೋಗುತ್ತಿದ್ದ ನಾನು ಮತ್ತೆ ಓಣಿಯ ದಾರಿ ಹಿಡಿದೆ. ಮುಚ್ಚಿದ ಬಾಗಿಲು ನೋಡಿ ನನಗೆ ದುಃಖವಾಗಲಿಲ್ಲ, ನಿರಾಳವಾಯಿತು. ಇದನ್ನು ಬರೆಯುವಾಗ ನನ್ನ ಮುಖ ನನಗೇ ಬೇಡವಾಗಿದೆ.

ದೀಪಾವಳಿ ಕಳೆದ ಮೇಲೆ ಅವರು ಮರಳಿ ಬಂದು ಬಾಗಿಲು ತೆಗೆದರು. ಆಗ ಶುರುವಾಯಿತು ಕೂಗಿಸುವ ಪದ್ಧತಿ. ಮೊದಮೊದಲು ಜನ ತಲೆ ಕೆಟ್ಟಿದೆ ಎಂದರು, ಆಮೇಲೆ ನಕ್ಕರು, ನಗಲಿಕ್ಕೆಂದೇ ಕೆಲವರು ಬಂದರು. ಬಂದವರ ಗಾಡಿ ಕೆಡಲಿಲ್ಲ. ನಿಧಾನವಾಗಿ ಗಿರಾಕಿಗಳು ಕೂಡಿದರು. ನಾಲ್ಕೈದು ವರ್ಷದಲ್ಲಿ ಸುಟ್ಟ ಕಾಲಿನ ಸುದ್ದಿ ಹಿಂದೆ ಬಿತ್ತು, ಕೂಗಿಸುವ ಕಥೆ ಮುಂದೆ ಬಂತು.

ನನ್ನ ಗಾಡಿಯನ್ನು ಹಳಿಯಾಳದಲ್ಲಿ ರಿಪೇರಿ ಮಾಡಿಸಿದ್ದೆವು. ಆದರೂ ಮುಂದೆ ಒಂದು ದಿನ ಪೈಪು ಮತ್ತೆ ಒಸರಿತು. ನಾನು ಹಳಿಯಾಳಕ್ಕೇ ಒಯ್ಯುತ್ತೇನೆ ಎಂದೆ. ಹೆಂಡತಿ ಬೇಡವೆಂದಳು. "ಅವರ ಕಡೆನ ಹೋಗ್ರಿ. ತಪ್ಪು ಯಾರ ಕೈಯಾಗ ಆಗೂದಿಲ್ಲ? ನಾ ಅದನ್ನ ಮರ್ತು ಯಾ ಕಾಲ ಆತು." ಸುಟ್ಟುಕೊಂಡವಳು ಅವರನ್ನು ಕ್ಷಮಿಸಿದ್ದಳು. ಸುಟ್ಟವನು ನಾನು, ಅವರೆದುರು ಹೋಗಲಾರೆ ಎಂದು ಹೇಗೆ ಹೇಳಲಿ? ಹೋದೆ.

ಮಿಸ್ತ್ರಿ ಹಳೆಯ ಯಾವ ಮಾತನ್ನೂ ಎತ್ತಲಿಲ್ಲ. ಎಲ್ಲರ ಹಾಗೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಒತ್ತಿ ನೋಡಿದೆ, ಮೂಸಿದೆ, ಕತ್ತರಿಸಿದೆ. ಅವರು ಕೂರಿಸಿ, ಕ್ಲಿಪ್ ಬಿಗಿದು ಎದ್ದರು. ಯಾರು ಹಾಕಿದ್ದು ಎಂದು ಕೇಳಿದರು. ನೀವು ಎಂದೆ. ಜೋರಾಗಿ ಎಂದರು. ಮಿಸ್ತ್ರಿ ಹಾಕಿದ್ದು ಎಂದು ಕೂಗಿದೆ, ಚಹಾದಂಗಡಿಯವರು ಎಂದಿನಂತೆ ನಕ್ಕರು. ಈ ಸಲ ಅದು ನಿಜವಾಗಿತ್ತು. ಚಾವಿಯನ್ನು ಅವರು ಒಡನೆ ಕೊಡಲಿಲ್ಲ. ಅರಿವೆಯಿಂದ ಕೈ ಒರೆಸಿಕೊಳ್ಳುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಂತರು. ನಾನು ಇನ್ನೊಂದು ವಾಕ್ಯ ಹೇಳಲೆಂದು ಕಾಯುತ್ತಿದ್ದರು. ಹೇಳುವುದಕ್ಕೆ ಬೇಕಾದ ನಾಲ್ಕು ಮಂದಿಯೂ ಅಲ್ಲೇ ಇದ್ದರು. ಆಯ್ತಲ್ಲ ಎಂದೆ ನಾನು. ಆತ್ರಿ ಎಂದು ಚಾವಿ ಕೊಟ್ಟರು.

ಸಭೆಯಲ್ಲಿ ಚಪ್ಪಾಳೆ ತಟ್ಟಿಸಿಕೊಂಡು ಮನೆಗೆ ಹೋದ ದಿನ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಅದನ್ನು ಮಿಸ್ತ್ರಿ ಹೋದ ದುಃಖವೆಂದು ತಿಳಿದಳು. ಅವರ ಹೆಂಡತಿಯನ್ನು ನಾವಿಬ್ಬರೂ ಹೋಗಿ ಮಾತಾಡಿಸಿ ಬರೋಣ ಎಂದಳು. ಆಕೆಯ ಬಗ್ಗೆ ಇವಳಿಗೆ ಒಂದು ಸಣ್ಣ ಅಸಮಾಧಾನ ಬಹಳ ವರ್ಷದಿಂದ ಇತ್ತು. ರವಿವಾರದ ಸಂತೆಯಲ್ಲಿ ಇವಳನ್ನು ಕಂಡರೆ ಆಕೆ ಅರ್ಧ ಕೊಂಡ ಕಾಯಿಪಲ್ಲೆ ಬಿಟ್ಟು ಬೇರೆ ಸಾಲಿಗೆ ಹೋಗುತ್ತಿದ್ದರು. ತಪ್ಪು ಅವರದಾಗಿದ್ದೂ ಎಷ್ಟು ಸೊಕ್ಕು ಎಂದು ಇವಳು ಹೇಳುತ್ತಿದ್ದಳು. ಇನ್ನು ಅದನ್ನೆಲ್ಲ ಇಟ್ಟುಕೊಂಡು ಏನು ಮಾಡುವುದು ಎಂದು ತಾನೇ ಮುಂದಾಗಿ ಹೊರಟಳು.

ಮನೆ ಅಂಗಡಿಯ ಹಿಂದೆಯೇ. ಕಟ್ಟೆಯ ಮೇಲೆ ಮಿಸ್ತ್ರಿಯ ತಮ್ಮ, ಮುಂಡಗೋಡಿನಿಂದ ಬಂದ ನೆಂಟರು, ಚಹಾದಂಗಡಿಯ ಇಬ್ಬರು ಕೂತು ಮಾತಾಡುತ್ತಿದ್ದರು. ನಾವು ಒಳಗೆ ಚಾಪೆಯ ಮೇಲೆ ಕೂತೆವು. ಆಕೆ ಬಂದು ನನ್ನ ಹೆಂಡತಿಯ ಎದುರಿಗೆ ಕೂತರು. ಮೆಲ್ಲನೆ ಕೈ ಚಾಚಿ ಇವಳ ಎಡಗಾಲಿನ ಸೀರೆಯ ನೆರಿಗೆಯನ್ನು ಮುಟ್ಟಿದರು.

"ಅಕ್ಕಾರ, ನಮ್ಮವರ ಕೈಯಿಂದ ನಿಮಗ ಭಾಳ ತ್ರಾಸ ಆತು. ನಿಮಗ ಮಾರಿ ತೋರಸಾಕ ಆಗದ ಸಂತ್ಯಾಗ ತಪ್ಪಿಸಿಕೊಂಡು ಅಡ್ಡಾಡಿದ್ನಿರಿ. ಅವರಂತೂ ಹೋದ್ರು. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

ನನ್ನ ಹೆಂಡತಿ ಆಕೆಯ ಕೈ ಹಿಡಿದುಕೊಂಡು ಅತ್ತಳು. ಸೊಕ್ಕು ಎಂದುಕೊಂಡಿದ್ದೆ, ನನ್ನದೇ ತಪ್ಪು ಎಂದಳು. ನಾನು ಹೇಳಿದ ಸುಳ್ಳಿಗೆ ಇಬ್ಬರು ಹೆಂಗಸರು ಒಬ್ಬರ ಕ್ಷಮೆ ಇನ್ನೊಬ್ಬರು ಕೇಳುತ್ತಿದ್ದರು, ನಾನು ಅವರ ಪಕ್ಕದಲ್ಲಿ ಚಹಾದ ಕಪ್ಪು-ಬಸಿ ಹಿಡಿದು ಕೂತಿದ್ದೆ.

ಮಿಸ್ತ್ರಿ ಮನೆಯಲ್ಲಿ ಏನು ಹೇಳಿದ್ದರು ಎಂದು ಕೇಳಿದೆ. ಯಾಕೆ ಕೇಳಿದೆನೋ. ಪಾನಾ ಚೆಲ್ಲಿದ ದಿನ ಮನೆಗೆ ಬಂದವರನ್ನು, ನಿಮ್ಮಿಂದ ಆಯಿತೇ ಎಂದು ಆಕೆ ಕೇಳಿದ್ದರಂತೆ. ಹೌದು ಎನ್ನಲಿಲ್ಲವಂತೆ, ಅಲ್ಲ ಎಂದೂ ಅನ್ನಲಿಲ್ಲವಂತೆ. "ಸರ್ ಹಂಗ ಹೇಳ್ಯಾರ ಅಂದ್ರು, ಅಷ್ಟ. ಮತ್ತ ಆ ಮಾತು ತಗೀಲಿಲ್ಲ." ನಾನು ಓದಿದವನು, ನಾನು ಹೇಳಿದ ಮೇಲೆ ನಿಜವೇ ಇರಬೇಕೆಂದು ಆಕೆ ಒಂಬತ್ತು ವರ್ಷ ನಂಬಿದ್ದರು.

ಆಗ ನಾನು ಹೇಳಿದೆ. ಬಸಿಯನ್ನು ಕೆಳಗಿಟ್ಟು, ನೆಲ ನೋಡುತ್ತ, ಸಲೈನ್ ಸೆಟ್ಟು ಎತ್ತಿಕೊಂಡದ್ದು, ಮನೆಯ ಮುಂದೆ ಕೂತು ಹಾಕಿದ್ದು, ಹೂಂ ಎಂದದ್ದು, ಅಂಗಡಿಯಲ್ಲಿ ಹೌದು ಎಂದದ್ದು, ಎಲ್ಲ ಹೇಳಿದೆ. ಕಟ್ಟೆಯ ಮೇಲಿದ್ದವರಿಗೆ ಕೇಳಬಾರದೆಂದು ಮೆಲ್ಲಗೇ ಹೇಳಿದೆ. ಹೆಂಡತಿಯ ಕಡೆ ನೋಡಲಾಗಲಿಲ್ಲ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡದ್ದು ಮಾತ್ರ ಕಂಡಿತು.

ಮಿಸ್ತ್ರಿಯ ಹೆಂಡತಿ ನಾನು ಕೆಳಗಿಟ್ಟ ಬಸಿಯನ್ನು ಬದಿಗೆ ಸರಿಸಿದರು. ಆಮೇಲೆ ಕೇಳಿದರು.

"ಇದನ್ನ ಅವರ ಮುಂದ ಹೇಳಿದ್ರ್ಯಾ?"

ಇಲ್ಲ ಎಂದೆ.

ಆಕೆ ಎದ್ದು ಬಾಗಿಲಿಗೆ ಹೋದರು. ಕಟ್ಟೆಯ ಮೇಲಿದ್ದವರಿಗೆ ಸುಮ್ಮನಿರಲು ಹೇಳಿ, ಬಾಗಿಲನ್ನು ಪೂರಾ ತೆರೆದು ಬದಿಗೆ ಸರಿದು ನಿಂತರು.

"ಈಗ ಹೇಳ್ರಿ ಸರ್. ಜೋರಾಗಿ ಹೇಳ್ರಿ. ಯಾರು ಹಾಕಿದ ಪೈಪು?"

ನಾನು ಗೋಡೆ ಹಿಡಿದು ಎದ್ದು ನಿಂತೆ. ಹೊರಗಿದ್ದವರೆಲ್ಲ ಒಳಗೆ ನೋಡುತ್ತಿದ್ದರು. ಆ ಪೈಪು ಹಾಕಿದವನು ನಾನು ಎಂದೆ.

"ಇನ್ನೂ ಜೋರಾಗಿ" ಎಂದಳು ಹಿಂದೆ ಚಾಪೆಯ ಮೇಲೆ ಕೂತಿದ್ದ ನನ್ನ ಹೆಂಡತಿ.